ತಾಜ್ ಬಟ್ಟಲಿನ ಬೆನ್ನು ಹಿಡಿದು

ಮೇ, ಎರಡನೇ ವಾರ

ನೀರ್ಚಾಲಿನ ಮಾವನ ಮನೆಯ ಅಟ್ಟ ಗುಡಿಸುವಾಗ ಸಿಕ್ಕಿದ ಪಿಂಗಾಣಿ ಬಟ್ಟಲು ಈಗ ನನ್ನ ಮೇಜಿನ ಮೇಲೆ ಉಂಟು. ಹಳೇ ದೊಡ್ಡ ಹೋಟೆಲುಗಳ ನೆನಪಿಗೆ ಮಾಡಿದ ಬಟ್ಟಲು, ಕಪ್ಪು, ಬಸಿ ಮಾತ್ರ ನಾನು ಸೇರಿಸುವುದು. ಇದು ಏಳನೆಯದು. ನಡುವಿನಲ್ಲಿ ಮುಂಬಯಿಯ ತಾಜ್, ಅದರ ಕೆಳಗೆ 1903, ಅಂಚಿಗೆ ಚಿನ್ನದ ಗೆರೆ. ಮಾವ ಫೋರ್ಟಿನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರು. 1968ರಲ್ಲಿ ಊರಿಗೆ ವಾಪಸ್ ಬರುವಾಗ ಕೊಲಾಬಾದಲ್ಲಿ ತೆಗೆದದ್ದಂತೆ. "ಅರ್ಧ ತಿಂಗಳ ಸಂಬಳ ಹೋಗಿತ್ತು ಮಾರಾಯ" ಅಂದರು.

ಮೊದಲು ಬೆರಳಿನಿಂದ ತಟ್ಟಿ ನೋಡಿದೆ. ಉದ್ದಕ್ಕೆ ಠಣ್ ಎಂದಿತು, ಅಂದರೆ ಬಿರುಕಿಲ್ಲ. ಆಮೇಲೆ ಬಿಸಿಲಿಗೆ ಹಿಡಿದೆ. ಹಿಂದೆ ಇಟ್ಟ ಬೆರಳಿನ ನೆರಳು ಮುಂದೆ ಕಂಡಿತು. ಬೋನ್ ಚೈನಾವೇ. ಉಪ್ಪಿನಕಾಯಿ ಭರಣಿಯ ಹಾಗೆ ಬರೀ ಮಣ್ಣಲ್ಲ ಇದು. ಇಂಗ್ಲಿಷ್ ಪದ್ಧತಿಯಲ್ಲಿ ಸುಮಾರು ಅರ್ಧ ಭಾಗ ಸುಟ್ಟ ದನದ ಎಲುಬಿನ ಬೂದಿ, ಉಳಿದದ್ದು ಬಿಳಿ ಜೇಡಿ ಮತ್ತು ಕಲ್ಲಿನ ಪುಡಿ. ಇದನ್ನು ನಾನು ಅಮ್ಮನ ಎದುರು ಹೇಳಬಾರದಿತ್ತು.

"ಎಲುಬಾ? ಹಾಗಾದ್ರೆ ಅದು ಅಡಿಗೆಮನೆ ಹೊಸ್ತಿಲು ದಾಟುವುದು ಬೇಡ."

ಉಳಿದ ಆರರಲ್ಲಿ ನಾಲ್ಕೂ ಅದೇ ಜಾತಿಯವು. ಅವುಗಳಲ್ಲಿ ಎರಡರಲ್ಲಿ ಅಮ್ಮ ಎರಡು ವರ್ಷದಿಂದ ನೆಂಟರಿಗೆ ಚಾ ಕೊಡುತ್ತಿದ್ದಾರೆ. ಅದನ್ನು ಹೇಳಲಿಲ್ಲ.

ಮೇ ಕೊನೆ

ಒಂದು ತಪ್ಪು ಮಾಡಿದೆ. ಅಂಚಿನ ಹೊಗೆ ಕಲೆ ತೆಗೆಯಲು ಪಾತ್ರೆ ತಿಕ್ಕುವ ತೆಂಗಿನ ನಾರನ್ನೇ ಹಿಡಿದೆ. ಕಲೆ ಹೋಯಿತು, ಅದರ ಜೊತೆಗೆ ಎರಡು ಇಂಚು ಚಿನ್ನವೂ ಹೋಯಿತು. ಚಿನ್ನ ಇರುವುದು ಹೊಳಪಿನ ಮೇಲೆ. ಬಟ್ಟಲು ಬೆಂದ ಮೇಲೆ ಕೊನೆಗೆ ಬಳಿದು, ಕಡಿಮೆ ಬಿಸಿಯಲ್ಲಿ ಇನ್ನೊಮ್ಮೆ ಸುಡುತ್ತಾರೆ. ಹಾಗಾಗಿ ಉಜ್ಜಿದರೆ ಅದೇ ಮೊದಲು ಏಳುವುದು. ಇನ್ನು ಮುಂದೆ ಉಗುರುಬಿಸಿ ನೀರು, ಮೆತ್ತಗಿನ ಬಟ್ಟೆ, ಅಷ್ಟೇ.

ಜೂನ್, ಮೊದಲ ಮಳೆ

ಕರೆಂಟ್ ಇಲ್ಲ. ಟಾರ್ಚ್ ಹಿಡಿದು ಚಿತ್ರ ನೋಡುತ್ತಾ ಕೂತೆ. ಬಟ್ಟಲಿನಲ್ಲಿರುವುದು ಸಮುದ್ರದ ಕಡೆಯ ಮುಖ. ಆದರೆ 1903ರ ಡಿಸೆಂಬರ್ 16ರಂದು ಹೋಟೆಲ್ ತೆರೆದಾಗ ಗಾಡಿಗಳು ಬರುತ್ತಿದ್ದ ಬಾಗಿಲು ಊರಿನ ಕಡೆಗಿತ್ತು, ಈಗ ಈಜುಕೊಳ ಇರುವಲ್ಲಿ. ಲೋಕವೆಲ್ಲಾ ಗುರುತು ಹಿಡಿಯುವುದು ಅದರ ಬೆನ್ನನ್ನು! ನಕ್ಷೆ ತಿರುಗಿಸಿ ಕಟ್ಟಿದ್ದಕ್ಕೆ ಎಂಜಿನಿಯರ್ ಜೀವ ಕಳೆದುಕೊಂಡ ಎಂದು ಮಾವ ಕಥೆ ಹೇಳುವುದುಂಟು. ಅದು ಬರೀ ಕಥೆ. ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ ಶುರು ಮಾಡಿದರು. ವೈದ್ಯರು ಕೆಲಸದ ನಡುವೆಯೇ ತೀರಿಕೊಂಡರು. ಡಬ್ಲ್ಯೂ. ಎ. ಚೇಂಬರ್ಸ್ ಮುಗಿಸಿದರು.

ಚಿತ್ರದಲ್ಲಿ ಪಕ್ಕದ ಟವರ್ ಇಲ್ಲ. ಅದು ಬಂದದ್ದು 1970ರ ದಶಕದಲ್ಲಿ. ಹಾಗಾದ್ರೆ ಮಾವನ 1968 ಸರಿ, ಅಲ್ವಾ? ಖುಷಿಯಲ್ಲಿ ಪುಸ್ತಕದಲ್ಲಿ ಬರೆದೇ ಬಿಟ್ಟೆ.

ಜೂನ್, ಮೂರನೇ ವಾರ

ಬರೆದದ್ದನ್ನು ಹೊಡೆದು ಹಾಕಿದೆ.

ಬಟ್ಟಲಿನ ಅಡಿಯಲ್ಲಿ ಒಂದು ಕಾಗದದ ಚೂರು ಅಂಟಿ ಕಪ್ಪಾಗಿತ್ತು. ಕಂಪೆನಿಯ ಮುದ್ರೆ ಅದರ ಕೆಳಗಿರಬಹುದೆಂದು ತೆಂಗಿನೆಣ್ಣೆ ಹಚ್ಚಿ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ಮೇಲಿನ ಕೊಳೆ ಎದ್ದು ಬಂತು. ಕೆಳಗೆ ಕಂಡದ್ದು ಮುದ್ರೆ ಅಲ್ಲ, ಸಾಲು ಸಾಲು ಕಪ್ಪು ಗೆರೆ. ಬಾರ್‌ಕೋಡ್! ಅಂಗಡಿಯಲ್ಲಿ ಈ ಗೆರೆ ಓದಿಸಿ ಮೊದಲ ಸಾಮಾನು ಮಾರಿದ್ದು 1974ರಲ್ಲಿ, ಅದೂ ಅಮೆರಿಕದಲ್ಲಿ, ಒಂದು ಪ್ಯಾಕೆಟ್ ಚೂಯಿಂಗ್ ಗಮ್. ಕೊಲಾಬಾಕ್ಕೆ ಬರಲು ಮತ್ತೂ ವರ್ಷಗಳು ಬೇಕಾಗಿರಬೇಕು. ಚಿತ್ರ ಹಳೆಯದಾದರೆ ಬಟ್ಟಲೂ ಹಳೆಯದು ಎಂದು ನಂಬಿದ್ದು ನನ್ನದೇ ಪೆದ್ದುತನ. ನೆನಪಿಗೆ ಮಾಡುವ ಬಟ್ಟಲಿನಲ್ಲಿ ಟವರ್ ಬಿಟ್ಟು ಹಳೇ ಕಟ್ಟಡ ಮಾತ್ರ ಬರೆಯುವುದೇ ಚಂದ ತಾನೇ.

ನೀರ್ಚಾಲಿಗೆ ಹೋದೆ. ಕೇಳುವುದಕ್ಕೆ ನಾಚಿಕೆಯಾಯಿತು, ಆದರೂ ಕೇಳಿದೆ. "ಮಾವ, ನೀವು ಖಂಡಿತಾ 1968ರಲ್ಲೇ ತೆಗೆದದ್ದಾ?"

ಮಾವ ಎಲೆಗೆ ಸುಣ್ಣ ಹಚ್ಚುತ್ತಾ ಮಾತಾಡಲಿಲ್ಲ. ಒಳಗಿನಿಂದ ಅತ್ತೆ ನಕ್ಕರು. "ಮೊದಲಿನದ್ದು ಒಡೆದದ್ದನ್ನು ಅವನಿಗೆ ಹೇಳಲೇ ಇಲ್ವಾ?"

ಮಗಳ ಮದುವೆಯ ಗಡಿಬಿಡಿಯಲ್ಲಿ ಮಾವನ ಕೈಯಿಂದಲೇ ಜಾರಿದ್ದಂತೆ. ಆಮೇಲೆ ಮುಂಬಯಿಗೆ ಹೋದಾಗ ಅದೇ ತರದ್ದು ಹುಡುಕಿ ತಂದರು. ಹಳೇ ಬಟ್ಟಲಿನ ಕಥೆ ಹೊಸದಕ್ಕೆ ಬಂತು.

"ಚೂರುಗಳು ಎಂತ ಆಯ್ತು?" ಎಂದು ಕೇಳಿದೆ.

"ಬಿಸಾಡಲು ಇವರು ಬಿಡಲಿಲ್ಲ. ಬಾವಿಕಟ್ಟೆಯ ಹಿಂದಿನ ತೆಂಗಿನ ಬುಡದಲ್ಲಿ ಹೂತದ್ದು."

ಮಾವ ಈಗ ಬಾಯಿ ಬಿಟ್ಟರು. "ಎರಡನೇ ತೆಂಗು. ಮಳೆ ಸ್ವಲ್ಪ ಬಿಡಲಿ."

ಬರುವ ಆದಿತ್ಯವಾರ ಮಳೆ ಬಿಟ್ಟರೆ ಹಾರೆ ಹಿಡಿದು ಹೋಗುತ್ತೇನೆ.