‘ನಮ್ಮಜ್ಜಿಗೆ ಹದಿಮೂರಕ್ಕೇ ಮದುವೆ ಆಗಿತ್ತು, ಏನಾಯ್ತು?’

ಎಚ್.ಡಿ. ಕೋಟೆಯ ಆದಿವಾಸಿ ಹಾಡಿಯಿರಲಿ, ಮಳವಳ್ಳಿ ಕಡೆಯ ಕಾಲೋನಿಯಿರಲಿ, ಬಾಲ್ಯವಿವಾಹದ ಮಾತು ತೆಗೆದರೆ ಈ ಪ್ರಶ್ನೆ ಬಂದೇ ಬರುತ್ತದೆ. "ನಮ್ಮಜ್ಜಿ ಎಂಟು ಮಕ್ಕಳನ್ನು ಹೆತ್ತು ಗಟ್ಟಿಯಾಗಿದ್ದಳಲ್ವಾ?" ಕೇಳುವವರು ಕೆಟ್ಟವರಲ್ಲ. ವಯಸ್ಸಿಗೆ ಬಂದ ಮಗಳನ್ನು ಮನೆಯಲ್ಲಿ ಬಿಟ್ಟು ಕೊಡಗಿನ ತೋಟಕ್ಕೆ ಕೂಲಿಗೆ ಹೋಗುವವರು. ಅವಳಿಗೊಂದು ದಾರಿ ಮಾಡಿದರೆ ಸಾಕು ಅನ್ನುವ ಭಯ ಅವರದು.

ನಾನು ಅಜ್ಜಿಯ ಅಕ್ಕತಂಗಿಯರ ಬಗ್ಗೆ ಕೇಳುತ್ತೇನೆ. ಹೆತ್ತ ಎಂಟರಲ್ಲಿ ಉಳಿದದ್ದೆಷ್ಟು ಅಂತಲೂ ಕೇಳುತ್ತೇನೆ. ಆಗ ಮೂಲೆಯಲ್ಲಿ ಕೂತ ಯಾರೋ ಹಿರಿಯರು ಬೆರಳು ಮಡಚುತ್ತಾ ಎಣಿಸುತ್ತಾರೆ. ಒಬ್ಬಳು ಬಾಣಂತನದಲ್ಲೇ ಹೋದಳು, ಎರಡು ಕೂಸು ಹೊಸಿಲು ದಾಟಲಿಲ್ಲ. ನಮ್ಮ ಕಣ್ಣಿಗೆ ಕಾಣುವುದು ಬದುಕಿ ಉಳಿದ ಅಜ್ಜಿ ಮಾತ್ರ.

ಹದಿನೈದು ಹದಿನಾರರ ಹುಡುಗಿಯ ಸೊಂಟದ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಹೆರಿಗೆಯಲ್ಲಿ ಮಗು ದಾರಿಯಲ್ಲೇ ಸಿಕ್ಕಿಕೊಳ್ಳಬಹುದು. ಮೊದಲೇ ರಕ್ತ ಕಡಿಮೆ, ಅದರಲ್ಲಿ ಹೊಟ್ಟೆಯ ಕೂಸಿಗೂ ಪಾಲು. ಎರಡೂವರೆ ಕಿಲೋ ತೂಗದ, ದಿನ ತುಂಬದ ಮಗು ಹುಟ್ಟುವ ಸಾಧ್ಯತೆ ಜಾಸ್ತಿ. ಈ ವಯಸ್ಸಿನಲ್ಲಿ ಬಿಪಿ ಏರಿ ಫಿಟ್ಸ್ ಬರುವ ಅಪಾಯವೂ ಹೆಚ್ಚು. ಅದರ ಸೂಚನೆಯಾಗಿ ಮುಖ, ಕೈ ಊದಿಕೊಂಡರೆ ಮನೆಯವರು "ಬಸುರಿಗೆ ಇದೆಲ್ಲ ಮಾಮೂಲಿ" ಅನ್ನುತ್ತಾರೆ.

ಆಸ್ಪತ್ರೆಗೆ ಹೋದರೆ ಇದೆಲ್ಲ ಗೊತ್ತಾಗುತ್ತದೆ. ಆದರೆ ಹೋಗುವುದಿಲ್ಲ, ನನಗೆ ಜಾಸ್ತಿ ಸಂಕಟ ಅಲ್ಲೇ. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಬರೆಯಲು ಬಾಗಿಲಿಗೆ ಬಂದು ವಯಸ್ಸು ಕೇಳಿದರೆ, ಹುಡುಗಿ ಅತ್ತೆಯ ಮುಖ ನೋಡಿ "ಹತ್ತೊಂಬತ್ತು" ಅನ್ನುತ್ತಾಳೆ. ಶಾಲೆಯ ಟಿಸಿಯಲ್ಲಿ ಹದಿನಾರು. ನಿಜ ಹೇಳಿದರೆ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ) ಕೇಸ್ ಆಗುತ್ತದೆಂಬ ಭಯ, ಅದು ಸುಳ್ಳು ಭಯವೂ ಅಲ್ಲ. ಕೆಲವರು ಬಸುರನ್ನೇ ಮುಚ್ಚಿಡುತ್ತಾರೆ. ಬಿಪಿ ನೋಡಿಸಿಲ್ಲ, ರಕ್ತ ಪರೀಕ್ಷೆ ಇಲ್ಲ, ಕಬ್ಬಿಣದ ಮಾತ್ರೆ ಇಲ್ಲ. ನೋವು ಶುರುವಾದ ಮೇಲೆ ರಾತ್ರೋರಾತ್ರಿ ಗಾಡಿ ಹುಡುಕಾಟ.

"ಇದೆಲ್ಲ ಈಗಿನ ಕಾನೂನು" ಅನ್ನುವವರಿಗೆ ಒಂದು ಮಾತು. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ತುಂಬದ ಹೆಣ್ಣುಮಕ್ಕಳ ಮದುವೆ ನಿಷೇಧಿಸಿತ್ತು. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ 2016ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಲ್ಲಿ ಅದು ಮದುವೆಯೇ ಅಲ್ಲ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 20–24 ವಯಸ್ಸಿನ ಹೆಂಗಸರಲ್ಲಿ ಶೇ. 21.3 ಮಂದಿಗೆ ಹದಿನೆಂಟರೊಳಗೆ ಮದುವೆಯಾಗಿತ್ತು. ಹಿಂದಿನ ಸಮೀಕ್ಷೆಯಲ್ಲಿ 21.4. ಸುಮ್ನೆ ಕಾನೂನು ಓದಿ ಹೇಳಿದರೆ ಆಗದು. ಹತ್ತನೇ ತರಗತಿ ಮುಗಿದ ಹುಡುಗಿಗೆ ಹಾಸ್ಟೆಲ್ ಸೀಟು, ಕಾಲೇಜಿಗೆ ಬಸ್ಸು ಸಿಕ್ಕರೆ ಅಪ್ಪ ಅವ್ವನ ಭಯ ಅರ್ಧ ಇಳಿಯುತ್ತದೆ.

ಮದುವೆ ಗೊತ್ತಾಗಿದೆ ಅಂತ ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಚಪ್ಪರ ಹಾಕುವ ಮೊದಲೇ. ಮದುವೆ ಆಗಿಹೋಗಿ ಹುಡುಗಿ ಬಸುರಿಯಾಗಿದ್ದರೆ ಅವಳನ್ನು ಈ ವಾರವೇ ಆಸ್ಪತ್ರೆಗೆ ಕರೆದೊಯ್ಯಿರಿ, ನಿಜವಾದ ವಯಸ್ಸು ಹೇಳಿ. ಕೇಸಿನ ಮಾತು ಆಮೇಲೆ ನೋಡೋಣ, ಮೊದಲು ಅವಳ ಬಿಪಿ ನೋಡಲಿ.