ಗುಜರಿ ರಾಶಿಯಲ್ಲಿ ಯುದ್ಧಕಾಲದ ಆಕ್ಸಲ್ ಗುರುತಿಸಿದ ದಿನ

ಸಕಲೇಶಪುರದ ಕಡೆಯ ಗುಜರಿ ಅಂಗಡಿಯೊಂದರ ಹಿತ್ತಲಲ್ಲಿ ಹಳೇ ಆಕ್ಸಲ್‌ಗಳ ರಾಶಿ ಬಿದ್ದಿತ್ತು. “ಎಲ್ಲಾ ಮಿಲ್ಟ್ರಿ ಮಾಲು ಸಾರ್” ಎಂದರು ಅಂಗಡಿಯವರು. ಹಸಿರು ಬಣ್ಣ ಬಳಿದದ್ದೆಲ್ಲ ಮಿಲಿಟರಿಯದೇ ಎಂದು ನಂಬುವವರು ತುಂಬ ಜನ. ಎರಡನೇ ಮಹಾಯುದ್ಧದ ಜೀಪನ್ನು ಮೂಲ ರೂಪಕ್ಕೆ ತರಬೇಕೆಂದು ಹೊರಟವರಿಗೆ ಮಾತ್ರ ಅಷ್ಟು ಸಾಲದು. ಅಂದು ಆ ರಾಶಿಯನ್ನು ವಿಂಗಡಿಸಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಅಮೆರಿಕದ ಸೇನೆಯ ದಾಖಲೆಯಲ್ಲಿ ಜೀಪಿನ ಹೆಸರು ಕಾಲು ಟನ್ನಿನ ಟ್ರಕ್. ವಿಲ್ಲಿಸ್ ಎಂಬಿ, ಫೋರ್ಡ್ ಜಿಪಿಡಬ್ಲ್ಯು ಎರಡರದ್ದೂ ಒಂದೇ ವಿನ್ಯಾಸ. ಎರಡಕ್ಕೂ ಸ್ಪೈಸರ್ ಕಂಪನಿಯ ಆಕ್ಸಲ್: ಮುಂದೆ 25, ಹಿಂದೆ 23-2 ಎಂಬ ಮಾದರಿ. ಯುದ್ಧ ಮುಗಿದ ಮೇಲೆ ಬಂದ ಸಿಜೆ (ನಾಗರಿಕ ಬಳಕೆಯ ಜೀಪ್) ಮಾದರಿಗಳದ್ದೂ, ನಮ್ಮ ತೋಟಗಳಲ್ಲಿ ದುಡಿದ ಮಹೀಂದ್ರ ಸಿಜೆ-3ಬಿಯದ್ದೂ ಅದೇ ವಂಶ. ದೂರದಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಎಲ್ಲದರಲ್ಲೂ ಡಿಫರೆನ್ಶಿಯಲ್ (ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳು) ಇರುವ ಗುಂಡು ಬಲಕ್ಕೇ ಸರಿದಿರುತ್ತದೆ. ಎಲ್ಲದಕ್ಕೂ ಐದೂವರೆ ಇಂಚಿನ ವೃತ್ತದಲ್ಲಿ ಐದು ವೀಲ್ ಸ್ಟಡ್. ಹಾಗಾಗಿ ಸ್ಟಡ್ ಎಣಿಸುತ್ತಾ ಹೊತ್ತು ಕಳೆಯಬೇಡಿ. ಎಡಬದಿಯ ಸ್ಟಡ್‌ಗಳು ಎಡಮರೆಯವು ಎಂಬುದನ್ನಷ್ಟೇ ನೆನಪಿಡಿ. ಅದು ಗೊತ್ತಿಲ್ಲದೆ ಪೈಪ್ ಹಾಕಿ ಎಳೆದರೆ ತುಂಡಾಗುವುದೇ ಸರಿ. ಬೋಲ್ಟಿನ ತಲೆಯ ಮೇಲೆ ಫೋರ್ಡಿನ ‘ಎಫ್’ ಅಕ್ಷರ ಕಂಡರೂ ಹಿಗ್ಗಬೇಡಿ. ಎಂಬತ್ತು ವರ್ಷಗಳಲ್ಲಿ ಬೋಲ್ಟುಗಳು ಎಷ್ಟೋ ಗಾಡಿ ಬದಲಿಸಿರುತ್ತವೆ. ಸುಲಭವಾಗಿ ಬದಲಿಸಲಾಗದ ಭಾಗದಿಂದಲೇ ಪರೀಕ್ಷೆ ಶುರುವಾಗಬೇಕು.

ಹಿಂದಿನ ಆಕ್ಸಲ್ ಆದರೆ ಮೊದಲು ಚಕ್ರ ಕೂರುವ ಹಬ್ಬಿನ ತುದಿ ನೋಡಿ. ಯುದ್ಧಕಾಲದ 23-2 ಫುಲ್ ಫ್ಲೋಟಿಂಗ್: ಹಬ್ಬಿನ ಹೊರಮುಖಕ್ಕೆ ಆರು ಬೋಲ್ಟಿನ ಫ್ಲಾಂಜ್ (ಬಿಲ್ಲೆ) ಕೂತಿರುತ್ತದೆ. ಅದನ್ನು ಬಿಚ್ಚಿದರೆ ಚಕ್ರ ಅಲ್ಲೇ ಇದ್ದಂತೆ ಶಾಫ್ಟ್ ಈಚೆ ಬರುತ್ತದೆ. ಗಾಡಿಯ ಭಾರವನ್ನು ಹೊರುವುದು ಹೌಸಿಂಗ್ (ಆಕ್ಸಲ್ಲಿನ ಹೊರಕವಚ) ಮತ್ತು ಎರಡು ಬೇರಿಂಗ್, ಶಾಫ್ಟ್ ಅಲ್ಲ. ಫ್ಲಾಂಜಿನ ಬದಲು ನಡುವೆ ದೊಡ್ಡ ನಟ್ಟು, ಅದಕ್ಕೆ ಸ್ಪ್ಲಿಟ್ ಪಿನ್ ಕಂಡರೆ ಅದು ಸೆಮಿ ಫ್ಲೋಟಿಂಗ್. ಶಾಫ್ಟಿನ ತುದಿ ಚೂಪಾಗುತ್ತಾ ಹೋಗಿ, ಕೀ ಹಾಕಿ ಹಬ್ಬನ್ನು ಬಿಗಿದಿರುತ್ತಾರೆ. ಪುಲ್ಲರ್ ಇಲ್ಲದೆ ಅದು ಬಿಡುವುದಿಲ್ಲ. ಸಿಜೆ-3ಬಿ ಜಾತಿಯ ಆಕ್ಸಲ್ ಇದು. ಅಂದಿನ ರಾಶಿಯ ಹಿಂದಿನ ಆಕ್ಸಲ್‌ಗಳಲ್ಲಿ ಹೆಚ್ಚಿನವು ಇಲ್ಲೇ ಹೊರಬಿದ್ದವು.

ಆರು ಬೋಲ್ಟ್ ಕಂಡ ಮಾತ್ರಕ್ಕೆ ಯುದ್ಧಕಾಲದ್ದೆಂದು ಹೇಳುವಂತಿಲ್ಲ. ಸಿಜೆ-2ಎಯ ಮೊದಮೊದಲ ಗಾಡಿಗಳಿಗೂ ಫುಲ್ ಫ್ಲೋಟಿಂಗ್ ಆಕ್ಸಲ್ಲೇ ಇತ್ತು. ಅಲ್ಲಿ ನಿರ್ಣಯ ಗುಂಡಿನೊಳಗಿನ ದೊಡ್ಡ ಗೇರು ಕ್ರೌನ್ ಮತ್ತು ಅದನ್ನು ತಿರುಗಿಸುವ ಚಿಕ್ಕ ಗೇರು ಪಿನಿಯನ್ನಿನದು. ಎಂಬಿ, ಜಿಪಿಡಬ್ಲ್ಯುಗಳಲ್ಲಿ ಕ್ರೌನಿಗೆ 39 ಹಲ್ಲು, ಪಿನಿಯನ್ನಿಗೆ 8, ಅನುಪಾತ 4.88. ಸಿಜೆಗಳಲ್ಲಿ 43 ಮತ್ತು 8; ಅನುಪಾತ 5.38.

ಕವರ್ ಬಿಚ್ಚಲು ಅಂಗಡಿಯವರು ಬಿಡದಿದ್ದರೆ ಸುತ್ತು ಎಣಿಸಬಹುದು. ಒಳಗೆ ಸ್ವಲ್ಪ ಡೀಸೆಲ್ ಸುರಿದು ಅರ್ಧ ಗಂಟೆ ಬಿಡಿ. ಒಂದು ಬದಿಯ ಹಬ್ಬನ್ನು ಸಲಾಕೆ ಕೊಟ್ಟು ಅಲುಗದಂತೆ ಹಿಡಿಸಿ, ಪಿನಿಯನ್ನಿನ ಹೊರತುದಿಯ ಯೋಕಿಗೆ ಚಾಕ್ ಗೆರೆ ಎಳೆದು, ಇನ್ನೊಂದು ಹಬ್ಬನ್ನು ಸರಿಯಾಗಿ ಹತ್ತು ಸುತ್ತು ತಿರುಗಿಸಿ. ಒಂದೇ ಬದಿ ತಿರುಗುವಾಗ ಕ್ರೌನ್ ಅದರ ಅರ್ಧ, ಅಂದರೆ ಐದೇ ಸುತ್ತು ತಿರುಗುತ್ತದೆ. ಯೋಕ್ 24 ಸುತ್ತು ದಾಟಿ ಅರ್ಧಕ್ಕಿಂತ ತುಸು ಹಿಂದೆ ನಿಂತರೆ 4.88, ಇಪ್ಪತ್ತೇಳಕ್ಕೆ ತುಸು ಮುಂಚೆ ನಿಂತರೆ 5.38. ಎರಡೇ ಸುತ್ತು ತಿರುಗಿಸಿ ಅಂದಾಜು ಮಾಡಿದರೆ ಹಲ್ಲುಗಳ ಸಡಿಲದಲ್ಲಿ ಲೆಕ್ಕ ತಪ್ಪುತ್ತದೆ.

ಇಷ್ಟು ಕಟ್ಟುನಿಟ್ಟು ಬೇಕೇ ಎಂದರೆ, ಖಂಡಿತ ಬೇಕು. ಮುಂದೆ ಒಂದು ಅನುಪಾತ, ಹಿಂದೆ ಇನ್ನೊಂದಿದ್ದರೆ ಶೇಕಡಾ 10ರಷ್ಟು ಅಂತರ ಬೀಳುತ್ತದೆ. ಟೂ-ವೀಲಿನಲ್ಲಿ ಏನೂ ಗೊತ್ತಾಗುವುದಿಲ್ಲ. ಗಟ್ಟಿ ರಸ್ತೆಯಲ್ಲಿ ಫೋರ್-ವೀಲ್ ಹಾಕಿದ ಕೂಡಲೇ ಎರಡು ಆಕ್ಸಲ್‌ಗಳೂ ಪರಸ್ಪರ ಜಗ್ಗತೊಡಗುತ್ತವೆ. ಲಿವರ್ ಈಚೆ ಬರುವುದಿಲ್ಲ, ಟೈರು ಸವೆಯುತ್ತದೆ, ಕೊನೆಗೆ ಜಾಯಿಂಟೋ ಗೇರೋ ಮುರಿಯುತ್ತದೆ.

ಮುಂದಿನ ಆಕ್ಸಲ್‌ಗೆ ಒಳ್ಳೆಯ ಗುರುತು ಸ್ಟಿಯರಿಂಗಿನ ಬೆಲ್‌ಕ್ರ್ಯಾಂಕ್ (ಸ್ಟಿಯರಿಂಗಿನ ಚಲನೆಯನ್ನು ಚಕ್ರಗಳ ಕಡೆ ತಿರುಗಿಸುವ ಸನ್ನೆ). ಯುದ್ಧಕಾಲದ ಜೀಪಿನಲ್ಲಿ ಅದರ ಬ್ರಾಕೆಟ್ ಆಕ್ಸಲ್ಲಿನ ಮೇಲೆಯೇ ಇತ್ತು. ಸಿಜೆ-2ಎ ಹೊತ್ತಿಗೆ ಅದು ಚಾಸಿಯ ಮುಂದಿನ ಅಡ್ಡಪಟ್ಟಿಗೆ ಹೋಯಿತು. ಬ್ರಾಕೆಟ್ ಕಾಣದಿದ್ದರೆ ಒಡನೆ ತಳ್ಳಿಹಾಕಬೇಡಿ. ವೈರ್ ಬ್ರಷ್‌ನಿಂದ ಬಣ್ಣ ತೆಗೆದು, ಗ್ಯಾಸ್ ಕಟಿಂಗ್ ಮಾಡಿದ ಗಾಯ ಇದೆಯೇ ನೋಡಿ. ಅಂಥದೊಂದು ಹೌಸಿಂಗ್ ಅಂದು ರಾಶಿಯ ತಳದಲ್ಲೇ ಸಿಕ್ಕಿತು.

ಮುಂದಿನ ಚಕ್ರದ ಒಳಗಿನ ಜಾಯಿಂಟ್ ನಾಲ್ಕು ಬಗೆಯದಿರಬಹುದು. ಆರು ಉಕ್ಕಿನ ಗುಂಡು ಪಂಜರದೊಳಗೆ ಕೂತಿದ್ದರೆ ಝೆಪ್ಪಾ. ಪಂಜರವಿಲ್ಲದೆ ನಾಲ್ಕು ಗುಂಡು, ನಡುವೆ ಒಂದು ಗುಂಡು ಇದ್ದರೆ ಬೆಂಡಿಕ್ಸ್. ಗುಂಡೇ ಇಲ್ಲದೆ, ಎರಡು ದಪ್ಪ ತುಂಡು ಒಂದಕ್ಕೊಂದು ಹೆಣೆದಿದ್ದರೆ ಟ್ರ್ಯಾಕ್ಟಾ. ಮಾಮೂಲಿ ಕ್ರಾಸ್ ಇದ್ದರೆ ಸ್ಪೈಸರ್. ಯುದ್ಧದ ಅವಸರದಲ್ಲಿ ನಾಲ್ಕನ್ನೂ ಬಳಸಿದ್ದರಿಂದ ಯಾವುದು ಸಿಕ್ಕರೂ ಅಸಲಿಯೇ ಇರಬಹುದು. ಬೆಂಡಿಕ್ಸ್ ಶಾಫ್ಟನ್ನು ಎಳೆಯುವಾಗ ಎರಡೂ ತುಂಡು ಸೇರಿಸಿ ಹಿಡಿಯಿರಿ. ಬಿಟ್ಟುಕೊಂಡರೆ ಗುಂಡುಗಳು ಮಣ್ಣಿಗೆ ಉದುರುತ್ತವೆ.

ರಾಶಿಯ ಪಕ್ಕದಲ್ಲಿ ಆರು ಸ್ಟಡ್ಡಿನ ದೊಡ್ಡ ಆಕ್ಸಲ್ ಒಂದಿತ್ತು. ಎರಡು ಮಡಕೆಗಳನ್ನು ಬಾಯಿಗೆ ಬಾಯಿ ಕೂಡಿಸಿದಂತೆ ಅದರ ಗುಂಡಿನ ನಡುವೆ ಲಂಬವಾಗಿ ಬೋಲ್ಟಿನ ಸಾಲು. ಇದು ಟಿಮ್ಕೆನ್ ಸ್ಪ್ಲಿಟ್ ಮಾದರಿ. ಎರಡೂವರೆ ಟನ್ನಿನ ಜಿಎಂಸಿ ಸಿಸಿಕೆಡಬ್ಲ್ಯು ಲಾರಿಯಲ್ಲಿ ಇದೂ ಇತ್ತು, ಬ್ಯಾಂಜೋ ಮಾದರಿಯೂ ಇತ್ತು. ಬ್ಯಾಂಜೋದಲ್ಲಿ ಹೌಸಿಂಗ್ ಅಖಂಡ, ಡಿಫರೆನ್ಶಿಯಲ್ ಇಡಿಯಾಗಿ ಮುಂದಿನಿಂದ ಹೊರಬರುತ್ತದೆ. ಒಂದರ ಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ಸ್ಟುಡಿಬೇಕರ್ ಯುಎಸ್6ಗೂ ಟಿಮ್ಕೆನ್ ಸ್ಪ್ಲಿಟ್ ಆಕ್ಸಲ್ಲೇ ಇದ್ದುದರಿಂದ ಅಷ್ಟರಿಂದಲೇ ಜಿಎಂಸಿ ಎನ್ನಲಾಗದು. ಜಿಎಂಸಿಯದ್ದೇ ಎಂದು ಖಚಿತವಾದ ಮೇಲೆ, ಹೌಸಿಂಗಿನ ಮೇಲೆ ಪಿಲ್ಲೋ ಬ್ಲಾಕ್ (ಶಾಫ್ಟಿಗೆ ಆಸರೆಯಾಗುವ ಬೇರಿಂಗ್) ಕೂರುವ ಜಾಗ ಇದೆಯೇ ನೋಡಿ. ಇದ್ದರೆ ಅದು ನಡುವಿನ ಆಕ್ಸಲ್. ಕಟ್ಟಕಡೆಯ ಆಕ್ಸಲ್‌ಗೆ ಹೋಗುವ ಶಾಫ್ಟ್ ಅದರ ಮೇಲೆ ಹಾದುಹೋಗುತ್ತಿತ್ತು.

ಗುರುತು ಸಿಕ್ಕ ಮೇಲೆ ಸ್ಥಿತಿಯ ಮಾತು. ಮಳೆನೀರು ನಿಂತ ಹೌಸಿಂಗಿನಲ್ಲಿ ಕ್ರೌನಿನ ಕೆಳಭಾಗದ ಹಲ್ಲುಗಳ ಮೇಲೆ ತುಕ್ಕಿನ ಗೆರೆ ಇರುತ್ತದೆ. ಉಗುರಿಗೆ ಗುಳಿ ತಾಕಿದರೆ ಆ ಜೋಡಿ ಬೇಡ, ಓಡಿಸಿದಾಗ ಊಳಿಡುತ್ತದೆ. ಕ್ರೌನ್ ಒಂದರದು, ಪಿನಿಯನ್ ಇನ್ನೊಂದರದು ಎಂದು ಜೋಡಿಸಲೂಬಾರದು; ಅವು ಕಾರ್ಖಾನೆಯಲ್ಲೇ ಜೊತೆಯಾಗಿ ಹೊಂದಿಸಿದವು. ಮುಂದಿನ ಆಕ್ಸಲ್ಲಿನ ತುದಿಯ ಗೋಳ ತುಕ್ಕು ಹಿಡಿದು ಒರಟಾಗಿದ್ದರೆ ಹೊಸ ಸೀಲ್ ಹಾಕಿದರೂ ಸೋರಿಕೆ ನಿಲ್ಲದು. ಹೌಸಿಂಗಿನ ಉಸಿರುತೂತು ಮುಚ್ಚಿದ್ದರೆ ಬಿಸಿಗೆ ಒತ್ತಡ ಏರಿ ಎಣ್ಣೆ ಬ್ರೇಕ್ ಡ್ರಮ್ಮಿಗೆ ನುಗ್ಗುತ್ತದೆ. ಒಂದೊಂದು ಜೀಪ್ ಆಕ್ಸಲ್‌ಗೂ ಬೇಕಾಗುವ 90 ನಂಬರಿನ ಎಣ್ಣೆ ಸುಮಾರು 1.2 ಲೀಟರ್. ಒಳಗಿನ ಬೇರಿಂಗ್ ಕ್ಯಾಪ್‌ಗಳನ್ನು ಬಿಚ್ಚುವ ಮುಂಚೆ ಎಡ-ಬಲ ತಿಳಿಯುವಂತೆ ಪಂಚ್ ಹೊಡೆದುಕೊಳ್ಳಿ. ಅವು ಹೌಸಿಂಗಿನ ಜೊತೆಗೇ ಕೊರೆದವು, ಅದಲುಬದಲಾದರೆ ಬೇರಿಂಗ್ ನೆಟ್ಟಗೆ ಕೂರುವುದಿಲ್ಲ.