ಚಿಕ್ಕಪ್ಪ ಓದಿದ ಕಲ್ಲುಮನೆಗಳು

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದಲ್ಲಿ, ಕುರುಚಲು ಕಾಡಿನ ನಡುವೆ, ನೂರಾರು ಕಲ್ಲುಮನೆಗಳಿವೆ. ಸುತ್ತ ನಿಲ್ಲಿಸಿದ ಚಪ್ಪಡಿಗಳು, ಮೇಲೆ ಮುಚ್ಚಿದ ಇನ್ನೊಂದು ಚಪ್ಪಡಿ. ಕೆಲವಕ್ಕೆ ಮುಂದಿನ ಕಲ್ಲಿನಲ್ಲಿ ದುಂಡನೆಯ ಕಿಂಡಿ. ಬೃಹತ್ ಶಿಲಾಯುಗದ ಜನ ಸತ್ತವರಿಗಾಗಿ ಕಟ್ಟಿದ ಇವು ಎರಡು ಸಾವಿರ ವರ್ಷಗಳಿಗೂ ಹಳೆಯವು.

ಅಲ್ಲಿ ತೆಗೆದ ಚಿತ್ರಗಳನ್ನು ಕೋಲಾರಕ್ಕೆ ಬಂದು ಚಿಕ್ಕಪ್ಪನಿಗೆ ತೋರಿಸಿದೆ. ಪ್ರಾಯದಲ್ಲಿ ಬಂಡೆ ಕೆಲಸ ಮಾಡಿದವರು. ಅವರು ಕಿಂಡಿಯನ್ನು ನೋಡಲಿಲ್ಲ, ಚಪ್ಪಡಿಯ ಅಂಚನ್ನು ದೊಡ್ಡದು ಮಾಡಿ ನೋಡಿದರು. "ಇದು ಪದರವಾಗಿ ಎದ್ದ ಕಲ್ಲಮ್ಮ. ಎಲ್ಲಿ ಬಿಡುತ್ತದೆಂದು ಅವರಿಗೆ ಗೊತ್ತಿತ್ತು" ಎಂದರು.

ನಮ್ಮ ಕಡೆ ಬಂಡೆಯ ಮೇಲೆ ಸೌದೆಯ ಬೆಂಕಿ ಹಾಕಿ, ಅದನ್ನು ನಿಧಾನವಾಗಿ ಮುಂದಕ್ಕೆ ಸರಿಸುತ್ತಾ ಹೋಗುತ್ತಿದ್ದರು. ಕಾದ ಪದರ ಹಿಗ್ಗಿ ಕೆಳಗಿನ ಕಲ್ಲಿನಿಂದ ಬಿಡುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದಲ್ಲಿ ಬಿಟ್ಟಿದೆ ಎಂದರ್ಥ. ಗಟ್ಟಿ ಸದ್ದಾದರೆ ಬೆಂಕಿ ಅಲ್ಲೇ ಇನ್ನಷ್ಟು ಹೊತ್ತು ಇರಬೇಕು. ಹೀಗೆ ಎಬ್ಬಿಸಿದ ಚಪ್ಪಡಿಯನ್ನು ಉಳಿಯಿಂದ ಸೀಳಿ ಬೇಲಿಯ ಕೂಚಗಳನ್ನೂ, ಅಂದರೆ ಕಲ್ಲುಕಂಬಗಳನ್ನೂ, ಮಾಡುತ್ತಿದ್ದರು. ಹಿರೇಬೆಣಕಲ್ಲಿನವರೂ ಬೆಂಕಿ ಬಳಸಿದರೇ ಎಂದು ಕೇಳಿದೆ. ಚಿತ್ರದಲ್ಲಿ ಹೇಳಲಾಗದು, ಕೈಯಿಂದ ಮುಟ್ಟಬೇಕು ಎಂದರು. ಆ ಎಚ್ಚರ ನನಗೆ ಬಹಳ ಇಷ್ಟವಾಯಿತು.

2021ರಲ್ಲಿ ಈ ತಾಣ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಸಂತೋಷವೇ. ಆದರೆ ಕಲ್ಲಿನ ಮನಸ್ಸು ಬಲ್ಲ ಚಿಕ್ಕಪ್ಪನಂಥವರನ್ನೂ ಅಲ್ಲಿಗೆ ಕರೆದೊಯ್ದು ಕೇಳಬೇಕು. ಗುಡ್ಡದ ಏರು ಅವರ ಮಂಡಿಗೆ ಕಷ್ಟ. ಚಳಿಗಾಲದಲ್ಲಿ, ಬೆಳಿಗ್ಗೆಯೇ, ಕೂತು ಕೂತು ಹತ್ತುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.